ತಾನು ಕಲಿಸಿದ್ದನ್ನು ತಾನೇ ತಿದ್ದಿದ ಮೇಷ್ಟರು: ಬೆಂಜಮಿನ್ ಗ್ರಹಾಂ

ನಮ್ಮ ಗಣಿತ ವಿಭಾಗದ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಯ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಿಗೆ ಹೋಗಿ ಎಂಟನೇ ತರಗತಿಗೆ ಚಕ್ರಬಡ್ಡಿಯ ಪಾಠ ಮಾಡುತ್ತಾರೆ. ಬ್ಯಾಂಕಿನ ಠೇವಣಿ, ಸೊಸೈಟಿಯ ಸಾಲ, ಬಂಗಾರದ ಮೇಲಿನ ಸಾಲ, ಇವು ಸಿದ್ಧ ಉದಾಹರಣೆಗಳು. ಅಂಥ ಒಂದು ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ತನ್ನ ಅಣ್ಣ ಮೊಬೈಲಿನಲ್ಲಿ ಷೇರು ಕೊಳ್ಳುತ್ತಾನೆ, ಸರಿಯಾಗಿ ಓದಿಕೊಂಡು ಕೊಂಡರೆ ಬ್ಯಾಂಕಿನ ಬಡ್ಡಿಗಿಂತ ಬಹಳ ಹೆಚ್ಚು ಬರುತ್ತದೆ ಅನ್ನುತ್ತಾನೆ, ಅದು ಖರೆಯೇ ಎಂದು ಕೇಳಿದ. ನಮ್ಮ ಪ್ರಶಿಕ್ಷಣಾರ್ಥಿ ಆ ಪ್ರಶ್ನೆ ಪಠ್ಯದಲ್ಲಿಲ್ಲ ಎಂದು ಹೇಳಿ ಕೂಡಿಸಿದರು. ಅವಲೋಕನಕ್ಕೆ ಕುಳಿತಿದ್ದ ನನಗೂ ಆ ಗಳಿಗೆಯಲ್ಲಿ ಉತ್ತರ ಹೊಳೆದಿರಲಿಲ್ಲ.

ಆ ಹುಡುಗನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಓದಿ, ಲೆಕ್ಕ ಹಾಕಿ, ಒಳ್ಳೆಯ ಷೇರನ್ನು ಅಗ್ಗದಲ್ಲಿ ಹುಡುಕಲು ಸಾಧ್ಯವೇ? ಸಾಧ್ಯವಾದರೆ, ಎಲ್ಲರೂ ಹಾಗೆಯೇ ಹುಡುಕತೊಡಗಿದಾಗ ಏನಾಗುತ್ತದೆ? ಈ ಎರಡಕ್ಕೂ ತನ್ನ ಬದುಕಿನಿಂದಲೇ ಉತ್ತರ ಕೊಟ್ಟವರು ಬೆಂಜಮಿನ್ ಗ್ರಹಾಂ. ಹೂಡಿಕೆದಾರರೆಂದು ಅವರು ಜಗತ್ತಿಗೆ ಪರಿಚಿತರು. ನಮಗೆ ಅವರು ಬೇಕಾಗಿರುವುದು ನಲವತ್ತು ವರ್ಷಗಳಷ್ಟು ಕಾಲ ಪಾಠ ಹೇಳಿದ ಮೇಷ್ಟರಾಗಿ.

ಬಾಲ್ಯ ಮತ್ತು ಶಾಲೆ

ಗ್ರಹಾಂ ಹುಟ್ಟಿದ್ದು 1894ರ ಮೇ ತಿಂಗಳಲ್ಲಿ, ಲಂಡನ್ನಿನ ಒಂದು ಯಹೂದಿ ಕುಟುಂಬದಲ್ಲಿ. ಆಗ ಮನೆತನದ ಹೆಸರು ಗ್ರಾಸ್‌ಬಾಮ್. ಮಗುವಿಗೆ ಒಂದು ವರ್ಷವಾದಾಗ ಕುಟುಂಬ ನ್ಯೂಯಾರ್ಕಿಗೆ ಬಂತು. ತಂದೆಯದು ಪಿಂಗಾಣಿ ಸಾಮಾನು ತರಿಸಿ ಮಾರುವ ವ್ಯಾಪಾರ. ಮಗನಿಗೆ ಒಂಬತ್ತು ತುಂಬುವ ಮೊದಲೇ, 1903ರಲ್ಲಿ, ತಂದೆ ತೀರಿಕೊಂಡರು. ವ್ಯಾಪಾರ ಮುಚ್ಚಿತು. ತಾಯಿ ಮನೆಯಲ್ಲಿ ಬಾಡಿಗೆಯವರನ್ನಿಟ್ಟುಕೊಂಡು ಸಂಸಾರ ನಡೆಸಲು ನೋಡಿದರು, ಅದೂ ಕೈಹತ್ತಲಿಲ್ಲ. ಉಳಿದ ಅಲ್ಪ ಹಣವನ್ನು ಸಾಲದ ಆಸರೆಯಲ್ಲಿ ಉಕ್ಕಿನ ಕಂಪನಿಯ ಷೇರಿಗೆ ಹಾಕಿದ್ದರು. 1907ರ ಆರ್ಥಿಕ ಗಾಬರಿಯಲ್ಲಿ ಅದೂ ಹೋಯಿತು. ತಾಯಿ ಬರೆದುಕೊಟ್ಟ ಚೆಕ್ಕು ಹಿಡಿದು ಬ್ಯಾಂಕಿಗೆ ಹೋದಾಗ, ಐದು ಡಾಲರ್ ಕೊಡುವಷ್ಟು ನಂಬಿಕೆ ಈಕೆಯ ಮೇಲಿದೆಯೇ ಎಂದು ಅಲ್ಲಿನವರು ತಮ್ಮತಮ್ಮಲ್ಲಿ ವಿಚಾರಿಸಿದ್ದು ಹುಡುಗನ ಕಿವಿಗೆ ಬಿದ್ದಿತ್ತು. ಮುಂದೆ ಅವರು ಲಾಭಕ್ಕಿಂತ ಮೊದಲು ನಷ್ಟದ ಬಗ್ಗೆ ಏಕೆ ಯೋಚಿಸುತ್ತಿದ್ದರು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಓದಿನಲ್ಲಿ ಹುಡುಗ ಚುರುಕು. ಗ್ರೀಕ್, ಲ್ಯಾಟಿನ್, ಗಣಿತ ಎಲ್ಲದರಲ್ಲೂ ಮುಂದು. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಅರ್ಹತೆ ಪಡೆದರೂ ಅದು ಕೈಗೆ ಬರಲಿಲ್ಲ. ಅದೇ ಅಡ್ಡಹೆಸರಿನ ಸೋದರಸಂಬಂಧಿಯೊಬ್ಬ ಅಲ್ಲಿ ಓದುತ್ತಿದ್ದ, ಕಚೇರಿಯವರು ಇಬ್ಬರ ಕಡತಗಳನ್ನು ಒಂದಕ್ಕೊಂದು ಬೆರೆಸಿಬಿಟ್ಟಿದ್ದರು. ತಪ್ಪು ಗೊತ್ತಾಗಿ ಸೀಟು ಸಿಗುವವರೆಗೆ ಅವರು ಬೇರೆ ಕಾಲೇಜು, ಕೂಲಿ ಕೆಲಸ ಎಂದು ದಿನ ಕಳೆದರು. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದಾಗ ನಾವು ಎಷ್ಟು ಎಚ್ಚರ ವಹಿಸಬೇಕು ಎಂಬುದಕ್ಕೆ ಈ ಪ್ರಸಂಗ ಸಾಕು.

1914ರಲ್ಲಿ ಇಡೀ ತರಗತಿಗೆ ಎರಡನೆಯವರಾಗಿ ಪದವಿ ಮುಗಿಸಿದರು. ಇಂಗ್ಲಿಷ್, ಗಣಿತ, ತತ್ವಶಾಸ್ತ್ರ, ಮೂರು ವಿಭಾಗಗಳೂ ಅವರನ್ನು ಅಧ್ಯಾಪಕರಾಗಿ ಬರುವಂತೆ ಕರೆದವು. ಮನೆಯ ಪರಿಸ್ಥಿತಿ ಬಿಡಲಿಲ್ಲ. ಕಾಲೇಜಿನ ಡೀನ್ ಕೊಟ್ಟ ಸಲಹೆಯಂತೆ ನ್ಯೂಯಾರ್ಕಿನ ಷೇರುಪೇಟೆಯಾದ ವಾಲ್ ಸ್ಟ್ರೀಟಿನ ಒಂದು ದಲಾಲಿ ಸಂಸ್ಥೆಗೆ ವಾರಕ್ಕೆ 12 ಡಾಲರ್ ಸಂಬಳದ ಮೇಲೆ ಸೇರಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಕುಟುಂಬ ತನ್ನ ಅಡ್ಡಹೆಸರನ್ನು ಗ್ರಹಾಂ ಎಂದು ಬದಲಿಸಿಕೊಂಡಿತು.

ಲೆಕ್ಕದ ಪುಸ್ತಕ ಓದಿದವನಿಗೆ ಲಾಭ

ಆ ಕಾಲದ ಷೇರುಪೇಟೆ ಗಾಳಿಸುದ್ದಿಯ ಮೇಲೆ ನಡೆಯುತ್ತಿತ್ತು. ಯಾರು ಕೊಳ್ಳುತ್ತಿದ್ದಾರೆ, ಯಾರು ಮಾರುತ್ತಿದ್ದಾರೆ ಎಂಬ ಪಿಸುಮಾತೇ ದೊಡ್ಡ ಮಾಹಿತಿ. ಷೇರು ಎಂದರೆ ಒಂದು ಕಂಪನಿಯ ಒಡೆತನದಲ್ಲಿ ಪಾಲು, ಆದ್ದರಿಂದ ಕಂಪನಿಯ ಆಸ್ತಿ, ಸಾಲ, ಆದಾಯ ನೋಡಿ ಆ ಪಾಲಿನ ಬೆಲೆ ಕಟ್ಟಬೇಕು ಎಂಬ ಸರಳ ಮಾತು ಬಹಳ ಜನರ ತಲೆಯಲ್ಲಿರಲಿಲ್ಲ. ಗ್ರಹಾಂ ಮಾಡಿದ್ದು ಇಷ್ಟೇ: ಕೂತು ಲೆಕ್ಕ ಓದಿದರು.

1915ರಲ್ಲಿ ಗುಗೆನ್‌ಹೈಮ್ ಎಂಬ ಗಣಿ ಕಂಪನಿಯನ್ನು ಮುಚ್ಚುವ ಮಾತು ಬಂತು. ಅದರ ಕೈಯಲ್ಲಿ ಬೇರೆ ತಾಮ್ರದ ಕಂಪನಿಗಳ ಷೇರುಗಳಿದ್ದವು. ಗ್ರಹಾಂ ಎಲ್ಲವನ್ನೂ ಕೂಡಿ ನೋಡಿದರೆ ಪ್ರತಿ ಷೇರಿನ ಹಿಂದೆ 76 ಡಾಲರಿಗಿಂತ ಹೆಚ್ಚಿನ ಆಸ್ತಿ ಇತ್ತು. ಪೇಟೆಯಲ್ಲಿ ಅದೇ ಷೇರು 69 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಕೂಡುವುದು, ಭಾಗಿಸುವುದು, ಹೋಲಿಸುವುದು, ಇದರಲ್ಲಿ ನಮ್ಮ ಎಂಟನೇ ತರಗತಿಯ ಮಕ್ಕಳಿಗೆ ಬಾರದ ಗಣಿತವೇನೂ ಇಲ್ಲ.

ಇನ್ನೊಂದು ಪ್ರಸಂಗ 1926ರದು. ರೈಲು ಸಾರಿಗೆಗೆ ಸಂಬಂಧಿಸಿದ ಸರ್ಕಾರಿ ಆಯೋಗಕ್ಕೆ ತೈಲ ಕೊಳವೆ ಕಂಪನಿಗಳು ವಾರ್ಷಿಕ ವರದಿ ಸಲ್ಲಿಸುತ್ತವೆ ಎಂದು ಗ್ರಹಾಂಗೆ ಗೊತ್ತಾಯಿತು. ವಾಷಿಂಗ್ಟನ್ನಿಗೆ ಹೋಗಿ ಆ ವರದಿಗಳನ್ನು ಓದಿದರು. ನಾರ್ದರ್ನ್ ಪೈಪ್‌ಲೈನ್ ಎಂಬ ಕಂಪನಿಯ ಷೇರು ಪೇಟೆಯಲ್ಲಿ 65 ಡಾಲರಿಗೆ ಮಾರಾಟವಾಗುತ್ತಿತ್ತು, ಆದರೆ ಪ್ರತಿ ಷೇರಿನ ಲೆಕ್ಕಕ್ಕೆ ಸುಮಾರು 95 ಡಾಲರ್ ಮೌಲ್ಯದ ಬಾಂಡುಗಳು ಕಂಪನಿಯಲ್ಲಿ ಸುಮ್ಮನೆ ಬಿದ್ದಿದ್ದವು. ಆ ಹಣವನ್ನು ಪಾಲುದಾರರಿಗೆ ಹಂಚಿ ಎಂದು ಕೇಳಲು ಅವರು 1927ರ ಜನವರಿಯಲ್ಲಿ ಆಯಿಲ್ ಸಿಟಿ ಎಂಬ ಊರಿನ ವಾರ್ಷಿಕ ಸಭೆಗೆ ಹೋದರು. ಅವರ ಸೂಚನೆಯನ್ನು ಅನುಮೋದಿಸಲು ಒಬ್ಬರೂ ಇರಲಿಲ್ಲ, ಮಾತಾಡದೆ ಮರಳಬೇಕಾಯಿತು. ಮುಂದಿನ ವರ್ಷ ಸಾಕಷ್ಟು ಪಾಲುದಾರರ ಒಪ್ಪಿಗೆ ಪತ್ರಗಳನ್ನು ಕೂಡಿಸಿಕೊಂಡು ಹೋಗಿ ಆಡಳಿತ ಮಂಡಳಿಯಲ್ಲಿ ಎರಡು ಸ್ಥಾನ ಗೆದ್ದರು. ಕೊನೆಗೆ ಕಂಪನಿ ಪಾಲುದಾರರಿಗೆ ಹಣ ಹಂಚಿತು.

ಬೆಲೆ ಒಂದು, ಮೌಲ್ಯ ಇನ್ನೊಂದು, ಎರಡರ ನಡುವೆ ದೊಡ್ಡ ಅಂತರವಿದ್ದಾಗ ಮಾತ್ರ ಕೊಳ್ಳಬೇಕು ಎಂಬುದು ಇಲ್ಲಿಂದ ಬೆಳೆದ ಪದ್ಧತಿ. ಇದಕ್ಕೆ ಈಗ ಮೌಲ್ಯ ಹೂಡಿಕೆ ಎನ್ನುತ್ತಾರೆ. ಅಗ್ಗ ಅಂತ ಮುಗ್ಗಿದ ಜೋಳ ಕೊಂಡರೆ ಅದು ಮೌಲ್ಯ ಹೂಡಿಕೆ ಆಗುವುದಿಲ್ಲ. ಒಳ್ಳೆಯ ಜೋಳವೇ ಅಗ್ಗಕ್ಕೆ ಸಿಗಬೇಕು.

ಸಂಜೆಯ ತರಗತಿ

1928ರಲ್ಲಿ ಗ್ರಹಾಂ ತಾವು ಓದಿದ ಕೊಲಂಬಿಯಾದಲ್ಲೇ ಸಂಜೆಯ ತರಗತಿ ಆರಂಭಿಸಿದರು. ಹಗಲು ಪೇಟೆಯ ಕೆಲಸ, ಸಂಜೆ ಪಾಠ. ಯಾರಾದರೂ ಟಿಪ್ಪಣಿ ಬರೆದುಕೊಳ್ಳಬೇಕು ಎಂಬುದು ಅವರ ಷರತ್ತಾಗಿತ್ತು. ಆ ಕೆಲಸ ವಹಿಸಿಕೊಂಡವರು ಡೇವಿಡ್ ಡಾಡ್ ಎಂಬ ತರುಣ ಅಧ್ಯಾಪಕರು. ಆ ಟಿಪ್ಪಣಿಗಳ ಬುನಾದಿಯ ಮೇಲೆ ಇಬ್ಬರೂ ಸೇರಿ 1934ರಲ್ಲಿ ಸೆಕ್ಯುರಿಟಿ ಅನಾಲಿಸಿಸ್ ಎಂಬ ಗ್ರಂಥ ಪ್ರಕಟಿಸಿದರು. ನಮ್ಮ ಪ್ರಶಿಕ್ಷಣಾರ್ಥಿಗಳು ಸಹಪಾಠಿಯ ಪಾಠದ ಅವಲೋಕನ ಪುಸ್ತಕವನ್ನು ಬೇಸರದಿಂದ ತುಂಬುವಾಗ ಡಾಡ್ ಅವರನ್ನು ನೆನೆಯಬಹುದು.

ಅವರ ಬೋಧನೆಯಲ್ಲಿ ಕಾಲ್ಪನಿಕ ಕಂಪನಿಗಳು ಕಡಿಮೆ. ಆ ವಾರ ಪೇಟೆಯಲ್ಲಿ ವ್ಯವಹಾರವಾಗುತ್ತಿದ್ದ ನಿಜವಾದ ಕಂಪನಿಗಳ ಲೆಕ್ಕಪತ್ರವನ್ನೇ ತರಗತಿಗೆ ತರುತ್ತಿದ್ದರು. ಎರಡು ಕಂಪನಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಹೋಲಿಸಲು ಹಚ್ಚುತ್ತಿದ್ದರು. ಪರಿಸರದಿಂದ ಉದಾಹರಣೆ ತೆಗೆದುಕೊಳ್ಳಿ ಎಂದು ನಾವು ಪಾಠ ಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು ಇದನ್ನೇ.

ಅದರ ನಡುವೆಯೇ 1929ರ ಕುಸಿತ ಬಂತು. ಲೆಕ್ಕ ಬಲ್ಲ ಮೇಷ್ಟರೂ ತಪ್ಪಿಸಿಕೊಳ್ಳಲಿಲ್ಲ. ಕೆಟ್ಟದ್ದು ಮುಗಿಯಿತೆಂದು ನಂಬಿ ಸಾಲದ ಹಣವನ್ನೂ ತೊಡಗಿಸಿದ್ದರು. 1930 ಒಂದೇ ವರ್ಷದಲ್ಲಿ ಅವರು ನಡೆಸುತ್ತಿದ್ದ ನಿಧಿ ಸುಮಾರು ಅರ್ಧ ಕರಗಿತು. 1932ರ ಹೊತ್ತಿಗೆ ಒಟ್ಟು ಸುಮಾರು ಶೇ. 70 ಹೋಗಿತ್ತು. ನಷ್ಟ ತುಂಬುವವರೆಗೆ ಗ್ರಹಾಂ ಮತ್ತು ಪಾಲುದಾರ ಜೆರೋಮ್ ನ್ಯೂಮನ್ ಅವರಿಗೆ ಲಾಭದ ಪಾಲು ಇರಲಿಲ್ಲ. 1935ರ ಕೊನೆಗೆ ಹೂಡಿಕೆದಾರರ ನಷ್ಟವೆಲ್ಲ ತುಂಬಿತು. ಅಷ್ಟು ವರ್ಷವೂ ಅವರು ಸಂಜೆಯ ತರಗತಿ ನಿಲ್ಲಿಸಲಿಲ್ಲ. 1934ರ ಗ್ರಂಥ ಬರೆದದ್ದು ಇದೇ ಕಷ್ಟದ ದಿನಗಳಲ್ಲಿ, ಷೇರು ಎಂದರೆ ಜನ ದೂರ ಸರಿಯುತ್ತಿದ್ದ ಕಾಲದಲ್ಲಿ.

ಈ ಪೆಟ್ಟಿನಿಂದ ಗಟ್ಟಿಯಾದದ್ದು ಸುರಕ್ಷತೆಯ ಅಂತರ ಎಂಬ ಕಲ್ಪನೆ. ನಮ್ಮ ಲೆಕ್ಕ ತಪ್ಪಬಹುದು, ಕಾಲ ಕೆಡಬಹುದು. ಆದ್ದರಿಂದ 100 ರೂಪಾಯಿ ಬಾಳುತ್ತದೆ ಎನಿಸಿದ್ದನ್ನು 100ಕ್ಕೆ ಕೊಳ್ಳಬಾರದು, 60ಕ್ಕೋ 65ಕ್ಕೋ ಸಿಕ್ಕಾಗ ಕೊಳ್ಳಬೇಕು.

ಪೇಟೆಯ ಪಾಲುದಾರ

1949ರಲ್ಲಿ ಸಾಮಾನ್ಯ ಜನರಿಗಾಗಿ ಬರೆದ ದಿ ಇಂಟೆಲಿಜೆಂಟ್ ಇನ್ವೆಸ್ಟರ್ ಎಂಬ ಪುಸ್ತಕದಲ್ಲಿ ಗ್ರಹಾಂ ಒಂದು ಪಾತ್ರ ಕಟ್ಟಿದರು. ಮಿಸ್ಟರ್ ಮಾರ್ಕೆಟ್ ಎಂಬ ಪಾಲುದಾರ ದಿನಾಲೂ ಬಂದು ನಿಮ್ಮ ಪಾಲಿಗೆ ಒಂದು ಬೆಲೆ ಹೇಳುತ್ತಾನೆ. ಒಮ್ಮೆ ಹುರುಪಿನಲ್ಲಿ ಹೆಚ್ಚು ಹೇಳುತ್ತಾನೆ, ಒಮ್ಮೆ ಹೆದರಿ ಕಡಿಮೆ ಹೇಳುತ್ತಾನೆ. ಅವನ ಮಾತು ಕೇಳಲೇಬೇಕೆಂಬ ಕಟ್ಟು ನಿಮಗಿಲ್ಲ.

ನಮ್ಮ ಭಾಗದ ಮಕ್ಕಳಿಗೆ ಇದನ್ನು ತೊಗರಿಯ ಮೂಲಕ ಹೇಳಬಹುದು. ರಾಶಿ ಮುಗಿದು ಚೀಲ ಮನೆಯಲ್ಲಿವೆ. ಪೇಟೆಯ ಸವಾಲಿನಲ್ಲಿ ಇವತ್ತು ಒಂದು ದರ, ನಾಳೆ ಇನ್ನೊಂದು. ದರ ಇಳಿಯಿತೆಂದು ಚೀಲದೊಳಗಿನ ಕಾಳು ಸಣ್ಣದಾಗುವುದಿಲ್ಲ. ಆದರೆ ಅಡತಿ ಅಂಗಡಿಯಲ್ಲಿ ಸಾಲ ಮಾಡಿದ ರೈತನಿಗೆ ಕಾಯುವ ಸ್ವಾತಂತ್ರ್ಯವಿಲ್ಲ, ಹೇಳಿದ ದರಕ್ಕೆ ಕೊಡಲೇಬೇಕು. ಸಾಲ ತಂದು ಷೇರು ಕೊಂಡವನ ಗತಿಯೂ ಅದೇ. ಗ್ರಹಾಂ ಅವರ ತಾಯಿಗೆ 1907ರಲ್ಲಿ ಆದದ್ದು, 1930ರಲ್ಲಿ ಅವರಿಗೇ ಆದದ್ದು ಇದೇ ಪಾಠ.

ಅದೇ ಪುಸ್ತಕದಲ್ಲಿ ಅವರು ಹೂಡಿಕೆದಾರರನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೊದಲನೆಯವರು ಸಮಯ, ಆಸಕ್ತಿ ಕಡಿಮೆಯಿರುವ, ಸುರಕ್ಷತೆ ಬಯಸುವ ಜನ. ಅವರಿಗೆ ಸರಳ ನಿಯಮ ಸಾಕು: ಹಣವನ್ನು ಷೇರು ಮತ್ತು ಬಾಂಡುಗಳ ನಡುವೆ ಹಂಚಿ, ಹಲವು ದೊಡ್ಡ ಕಂಪನಿಗಳಲ್ಲಿ ಹರಡಿ, ಸುಮ್ಮನಿರಿ. ಎರಡನೆಯವರು ಇದನ್ನೇ ಉದ್ಯೋಗದಂತೆ ಮಾಡಬಲ್ಲವರು. ನಡುವಿನ ದಾರಿ ಅಪಾಯಕಾರಿ ಎಂದು ಎಚ್ಚರಿಸಿದರು. ಅರ್ಧ ಓದಿ ಅರ್ಧ ಊಹಿಸುವವನು ಎರಡೂ ಕಡೆ ಕಳೆದುಕೊಳ್ಳುತ್ತಾನೆ.

ನಿಯಮ ಮೀರಿ ಬಂದ ಲಾಭ

ಗ್ರಹಾಂ ಅವರ ಜೀವನದ ಅತಿ ದೊಡ್ಡ ಲಾಭ ಅವರ ನಿಯಮಗಳಿಂದ ಬರಲಿಲ್ಲ. 1948ರಲ್ಲಿ ಗೈಕೊ ಎಂಬ ವಾಹನ ವಿಮಾ ಕಂಪನಿಯ ಅರ್ಧ ಪಾಲನ್ನು ಅವರ ಸಂಸ್ಥೆ 7,12,500 ಡಾಲರಿಗೆ ಕೊಂಡಿತು. ಒಂದೇ ಕಡೆ ಅಷ್ಟು ದೊಡ್ಡ ಮೊತ್ತ ಹಾಕುವುದು ಅವರ ಹಂಚಿ ಹಾಕುವ ನಿಯಮಕ್ಕೆ ವಿರುದ್ಧ. ಷೇರಿನ ಬೆಲೆ ಏರಿದ ಮೇಲೂ ಮಾರದೆ ಹಿಡಿದದ್ದು ಇನ್ನೊಂದು ನಿಯಮಕ್ಕೆ ವಿರುದ್ಧ. ಹಾಗಿದ್ದೂ ಆ ಒಂದೇ ಕೊಳ್ಳುವಿಕೆಯ ಲಾಭ, ಇಪ್ಪತ್ತು ವರ್ಷ ಕಷ್ಟಪಟ್ಟು ಮಾಡಿದ ಉಳಿದೆಲ್ಲ ಹೂಡಿಕೆಗಳ ಒಟ್ಟು ಲಾಭವನ್ನು ಮೀರಿತು. ತಮ್ಮ ಪುಸ್ತಕದ ನಂತರದ ಆವೃತ್ತಿಯ ಕೊನೆಯಲ್ಲಿ ಈ ಸಂಗತಿಯನ್ನು ಅವರೇ ಬರೆದು, ಅದರಲ್ಲಿ ಅದೃಷ್ಟ ಎಷ್ಟು, ಜಾಣತನ ಎಷ್ಟು ಎಂಬ ಪ್ರಶ್ನೆಯನ್ನು ಓದುಗರ ಮುಂದಿಟ್ಟರು. ತನ್ನ ಪಾಠಕ್ಕೆ ಹೊಂದದ ಉದಾಹರಣೆಯನ್ನು ಮುಚ್ಚಿಡದ ಮೇಷ್ಟರು ಕಡಿಮೆ.

1950-51ರಲ್ಲಿ ವಾರನ್ ಬಫೆಟ್ ಎಂಬ ತರುಣ ಇವರ ತರಗತಿಯಲ್ಲಿ ಕುಳಿತ. ಮುಂದೆ 1954ರಿಂದ 1956ರವರೆಗೆ ಇವರ ಸಂಸ್ಥೆಯಲ್ಲೇ ಕೆಲಸ ಮಾಡಿದ. 1956ರಲ್ಲಿ ಗ್ರಹಾಂ ಸಂಸ್ಥೆಯನ್ನು ಮುಚ್ಚಿ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದರು. ಅಲ್ಲಿಯೂ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಪಾಠ ಮುಂದುವರಿಸಿದರು. ಹಣ ಸಾಕಾಗಿತ್ತು, ಕಲಿಸುವುದು ಸಾಕಾಗಿರಲಿಲ್ಲ. ಬಿಡುವಿನಲ್ಲಿ ಸ್ಪ್ಯಾನಿಷ್ ಭಾಷೆಯ ಒಂದು ಕಾದಂಬರಿಯನ್ನು ಇಂಗ್ಲಿಷಿಗೆ ಅನುವಾದಿಸಿದರು.

ಶಿಷ್ಯರು ಹೆಚ್ಚಾದಾಗ

ಈಗ ಹುಡುಗನ ಎರಡನೆಯ ಪ್ರಶ್ನೆಗೆ ಬರೋಣ. 1926ರಲ್ಲಿ ಸರ್ಕಾರಿ ಆಯೋಗದ ವರದಿ ಓದಲು ವಾಷಿಂಗ್ಟನ್ನಿಗೆ ಹೋಗುವವರು ವಿರಳ. ಅದಕ್ಕೇ 65 ಡಾಲರಿನ ಷೇರಿನಲ್ಲಿ 95 ಡಾಲರ್ ಸಿಕ್ಕಿತು. ಐವತ್ತು ವರ್ಷಗಳಲ್ಲಿ ಎಲ್ಲ ಬದಲಾಯಿತು. ಗ್ರಹಾಂ ಅವರ ಗ್ರಂಥ ಓದಿದವರು ಸಾವಿರಾರು. ಷೇರು ವಿಶ್ಲೇಷಕರಿಗೂ ಒಂದು ಅರ್ಹತಾ ಪರೀಕ್ಷೆ ಬೇಕೆಂದು ಬಹಳ ಹಿಂದೆಯೇ ವಾದಿಸಿದವರು ಅವರೇ. 1963ರಲ್ಲಿ ಅಂಥ ಪರೀಕ್ಷೆ ಶುರುವೂ ಆಯಿತು. ಪ್ರತಿ ದೊಡ್ಡ ಕಂಪನಿಯ ಲೆಕ್ಕವನ್ನೂ ಹತ್ತಾರು ಜನ ತಜ್ಞರು ಅರೆದು ಕುಡಿದಿರುವಾಗ, ಕಣ್ತಪ್ಪಿ ಉಳಿಯುವ ಅಗ್ಗದ ಮಾಲು ಎಷ್ಟು?

ತಜ್ಞರೆಲ್ಲ ಸೇರಿ ಪೇಟೆಯನ್ನು ಮೀರಿಸುವುದು ಏಕೆ ಆಗದು ಎಂಬುದನ್ನು ತರಗತಿಯ ಉದಾಹರಣೆಯಿಂದ ತಿಳಿಯಬಹುದು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಎಲ್ಲರೂ ತರಗತಿಯ ಸರಾಸರಿಗಿಂತ ಹೆಚ್ಚು ಅಂಕ ಪಡೆಯಲಾರರು. ಎಲ್ಲರೂ ಮನೆಪಾಠಕ್ಕೆ ಹೋದರೆ ಸರಾಸರಿಯೂ ಮೇಲಕ್ಕೆ ಹೋಗುತ್ತದೆ. ಖರ್ಚು ಮಾತ್ರ ಎಲ್ಲರ ಮನೆಗೂ ಬೀಳುತ್ತದೆ. ಹೂಡಿಕೆಯಲ್ಲೂ ಹಾಗೆಯೇ. ಹೂಡಿಕೆದಾರರೆಲ್ಲರ ಒಟ್ಟು ಗಳಿಕೆಯೇ ಪೇಟೆಯ ಗಳಿಕೆ. ತಜ್ಞರ ಸಂಬಳ, ದಲಾಲಿ, ಶುಲ್ಕ ಕಳೆದ ಮೇಲೆ ಬಹುಪಾಲು ಜನರ ಕೈಗೆ ಸರಾಸರಿಗಿಂತ ಕಡಿಮೆ ಉಳಿಯುತ್ತದೆ.

1976ರಲ್ಲಿ, ತಮ್ಮ ಕೊನೆಯ ವರ್ಷದಲ್ಲಿ, ವಿಶ್ಲೇಷಕರ ವೃತ್ತಿಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಗ್ರಹಾಂ ಇದನ್ನು ನೇರವಾಗಿ ಒಪ್ಪಿಕೊಂಡರು. ಒಂದೊಂದು ಕಂಪನಿಯನ್ನೂ ವಿಸ್ತಾರವಾಗಿ ಬಗೆದು ಉತ್ತಮ ಷೇರು ಹುಡುಕುವ ಪದ್ಧತಿ ನಲವತ್ತು ವರ್ಷಗಳ ಹಿಂದೆ ಫಲ ಕೊಡುತ್ತಿತ್ತು, ಈಗ ಅದರ ಖರ್ಚಿಗೆ ತಕ್ಕ ಫಲ ಬರುತ್ತದೆಂಬ ನಂಬಿಕೆ ತಮಗಿಲ್ಲ ಎಂದರು. ಅದು ಅವರದೇ ಗ್ರಂಥದ ಪದ್ಧತಿ, ಇಪ್ಪತ್ತೇಳು ವರ್ಷ ಕೊಲಂಬಿಯಾದಲ್ಲಿ ಕಲಿಸಿದ ಪದ್ಧತಿ.

ಹಾಗೆಂದು ಎಲ್ಲವನ್ನೂ ಬಿಡಲಿಲ್ಲ. ಪದ್ಧತಿಯನ್ನು ತೀರಾ ಸರಳಗೊಳಿಸಿದರು. ಆದಾಯಕ್ಕೆ ಹೋಲಿಸಿದರೆ ಬೆಲೆ ಕಡಿಮೆ ಇರುವ, ಸಾಲ ಮಿತಿಯಲ್ಲಿರುವ ಸುಮಾರು 30 ಕಂಪನಿಗಳನ್ನು ಒಟ್ಟಾಗಿ ಕೊಳ್ಳುವುದು, ಶೇ. 50 ಏರಿದಾಗ ಅಥವಾ ಎರಡು-ಮೂರು ವರ್ಷ ಕಳೆದಾಗ ಮಾರುವುದು. ಒಂದೊಂದು ಕಂಪನಿಯ ಬಗ್ಗೆ ತಲೆ ಕೆಡಿಸಿಕೊಳ್ಳದೆ ಗುಂಪಿನ ಫಲವನ್ನು ನಂಬುವುದು. ಈ ನಿಯಮವನ್ನು ಹಿಂದಿನ ಐವತ್ತು ವರ್ಷಗಳ ದಾಖಲೆಗೆ ಹಚ್ಚಿ ಪರೀಕ್ಷಿಸಿದ್ದರು. ಬೆಲೆ ಮತ್ತು ಮೌಲ್ಯ ಬೇರೆ, ತಪ್ಪಿಗೆ ಜಾಗ ಬಿಡಬೇಕು, ಪೇಟೆಯ ಹುರುಪಿಗೆ ಬಲಿಯಾಗಬಾರದು ಎಂಬ ಗುರಿಗಳು ಉಳಿದವು. ಅಲ್ಲಿಗೆ ತಲುಪುವ ದಾರಿ ಬದಲಾಯಿತು.

ಅದೇ ವರ್ಷ ಆಗಸ್ಟ್ 31ರಂದು ಜಾನ್ ಬೋಗಲ್ ಸ್ಥಾಪಿಸಿದ ವ್ಯಾನ್‌ಗಾರ್ಡ್ ಸಂಸ್ಥೆ ಸಾಮಾನ್ಯ ಜನರಿಗಾಗಿ ಮೊದಲ ಸೂಚ್ಯಂಕ ನಿಧಿ ಆರಂಭಿಸಿತು. ಅಲ್ಲಿ ಷೇರುಗಳ ಆಯ್ಕೆಯೇ ಇಲ್ಲ. ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳನ್ನೂ ಅವುಗಳ ಗಾತ್ರಕ್ಕೆ ತಕ್ಕಂತೆ ಕೊಂಡು, ಪೇಟೆಯ ಸರಾಸರಿ ಗಳಿಕೆಯನ್ನು ಕಡಿಮೆ ಖರ್ಚಿನಲ್ಲಿ ಕೊಡುವುದು. ಇದಕ್ಕೇ ನಿಷ್ಕ್ರಿಯ ಹೂಡಿಕೆ ಎನ್ನುವುದು. 15 ಕೋಟಿ ಡಾಲರ್ ಬರಬಹುದೆಂದು ಕಾದಿದ್ದವರಿಗೆ ಬಂದದ್ದು 1.13 ಕೋಟಿ ಡಾಲರ್, ಜನ ನಕ್ಕರು. ಮೂರು ವಾರಗಳ ನಂತರ, 1976ರ ಸೆಪ್ಟೆಂಬರ್ 21ರಂದು, ಗ್ರಹಾಂ ಫ್ರಾನ್ಸಿನ ಏಕ್ಸ್-ಆನ್-ಪ್ರೊವಾನ್ಸ್ ಎಂಬ ಊರಿನಲ್ಲಿ ತೀರಿಕೊಂಡರು. ಅವರಿಗೆ 82 ವರ್ಷ.

ಗುರುವಿನ ನಂತರ

ಜನ ನಕ್ಕ ಆ ನಿಧಿಯ ದಾರಿಯೇ ಹೆದ್ದಾರಿಯಾಯಿತು. ಅಮೆರಿಕದಲ್ಲಿ 2023ರ ಕೊನೆಯ ಹೊತ್ತಿಗೆ ನಿಷ್ಕ್ರಿಯ ನಿಧಿಗಳಲ್ಲಿರುವ ಹಣ, ಆಯ್ದು ಕೊಳ್ಳುವ ನಿಧಿಗಳ ಹಣವನ್ನು ಮೀರಿಸಿತು. ಗ್ರಹಾಂ ಪರಂಪರೆಯ ಹೂಡಿಕೆದಾರರು ಇದಕ್ಕೆ ಹೊಂದಿಕೊಂಡ ಬಗೆ ಮೂರು ತೆರನಾಗಿದೆ.

ಕೆಲವರು ಅಗ್ಗದ ಕಂಪನಿಯ ಬದಲು ಒಳ್ಳೆಯ ಕಂಪನಿಯನ್ನು ಹುಡುಕಿ ದೀರ್ಘಕಾಲ ಹಿಡಿದುಕೊಂಡರು. ಬಫೆಟ್ 1972ರಲ್ಲಿ ಸೀಸ್ ಎಂಬ ಮಿಠಾಯಿ ಕಂಪನಿಯನ್ನು 2.5 ಕೋಟಿ ಡಾಲರಿಗೆ ಕೊಂಡಾಗಲೇ ಗುರುವಿನ ಹಳೆಯ ನಿಯಮದಿಂದ ಸರಿದಿದ್ದರು. ಗೈಕೊ ಪ್ರಸಂಗ ಆ ದಾರಿಯನ್ನು ಮೊದಲೇ ತೋರಿಸಿತ್ತು. ಕೆಲವರು ಸೂಚ್ಯಂಕಕ್ಕೆ ಸೇರದ, ವಿಶ್ಲೇಷಕರ ಕಣ್ಣಿಗೆ ಬೀಳದ ಸಣ್ಣ ಕಂಪನಿಗಳ ಕಡೆಗೆ ಹೋದರು. ಅಲ್ಲಿ ಅಗ್ಗದ ಮಾಲು ಇನ್ನೂ ಸಿಗುತ್ತದೆ. ಆದರೆ ಹಣವೆಲ್ಲ ಸೂಚ್ಯಂಕದ ಕಡೆ ಹರಿಯುವಾಗ ಆ ಷೇರುಗಳನ್ನು ಬಂದು ಕೊಳ್ಳುವವರು ಕಡಿಮೆ, ಬೆಲೆ ಏರಲು ವರ್ಷಗಟ್ಟಲೆ ಕಾಯಬೇಕು. ಕಾಯುವಾಗ ಕಂಪನಿ ಕೊಡುವ ಲಾಭಾಂಶವೇ ಆಸರೆ. ಇನ್ನು ಕೆಲವರು ಗ್ರಹಾಂ ಅವರ ಕೊನೆಯ ಸರಳ ನಿಯಮದಂಥದ್ದನ್ನೇ ಸೂಚ್ಯಂಕವಾಗಿ ಕಟ್ಟಿದರು. ಬೆಲೆ ಕಡಿಮೆಯಿರುವ ಕಂಪನಿಗಳನ್ನು ನಿಯಮದ ಪ್ರಕಾರ ಆರಿಸುವ ಸೂಚ್ಯಂಕಗಳು ಈಗ ಭಾರತದಲ್ಲೂ ಇವೆ.

ಶಿಷ್ಯನ ಕಥೆಗೆ ಇನ್ನೊಂದು ತಿರುವಿದೆ. 2008ರಿಂದ 2017ರವರೆಗಿನ ಹತ್ತು ವರ್ಷಗಳಿಗೆ ಬಫೆಟ್ ಒಂದು ಪಂಥ ಕಟ್ಟಿದರು. ಒಂದು ಕಡೆ ಸಾದಾ ಸೂಚ್ಯಂಕ ನಿಧಿ, ಇನ್ನೊಂದು ಕಡೆ ತಜ್ಞರು ಆರಿಸಿದ ಐದು ನಿಧಿಗಳ ಗುಂಪು. ಸೂಚ್ಯಂಕ ನಿಧಿ ವರ್ಷಕ್ಕೆ ಸರಾಸರಿ ಶೇ. 8.5ರಂತೆ ಬೆಳೆಯಿತು. ಐದರಲ್ಲಿ ಒಂದೂ ಅದರ ಹತ್ತಿರ ಬರಲಿಲ್ಲ. ತಮ್ಮ ನಂತರ ಹೆಂಡತಿಗಾಗಿ ಇಡುವ ಹಣದಲ್ಲಿ ಶೇ. 90ನ್ನು ಸೂಚ್ಯಂಕ ನಿಧಿಯಲ್ಲಿಡಬೇಕೆಂದು ಬಫೆಟ್ ಬರೆದಿಟ್ಟದ್ದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಆರಿಸುವುದರಲ್ಲಿ ಅತಿ ಜಾಣನೆನಿಸಿದ ಶಿಷ್ಯ, ಆರಿಸಲು ಸಮಯವಿಲ್ಲದವರಿಗೆ ಆರಿಸಬೇಡಿ ಎಂದ. 1949ರಲ್ಲಿ ಗುರು ಎರಡು ಬಗೆಯ ಹೂಡಿಕೆದಾರರನ್ನು ವಿಂಗಡಿಸಿದ್ದು ಇದಕ್ಕೇ.

ನಮಗೂ ಇದಕ್ಕೂ ಏನು ಸಂಬಂಧ?

ಯಾದಗಿರಿಯ ಮೇಷ್ಟರಿಗೆ ನ್ಯೂಯಾರ್ಕಿನ ಪೇಟೆ ಏಕೆ ಬೇಕು ಎಂದು ಕೇಳಬಹುದು. 2006ರ ಏಪ್ರಿಲ್ 1ರ ನಂತರ ರಾಜ್ಯದಲ್ಲಿ ನೇಮಕವಾದ ಸರ್ಕಾರಿ ನೌಕರರು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಸೇರಿದರು. ಆ ಯೋಜನೆಯಲ್ಲಿ ಪ್ರತಿ ತಿಂಗಳು ಸಂಬಳದಿಂದ ಹಿಡಿಯುವ ಹಣದ ಒಂದು ಭಾಗ ಷೇರುಗಳಿಗೆ ಹೋಗುತ್ತದೆ. ಭವಿಷ್ಯ ನಿಧಿ ಇರುವ ಖಾಸಗಿ ಶಾಲೆಗಳ ಶಿಕ್ಷಕರ ಮಾತೂ ಹಾಗೆಯೇ. ಕೇಂದ್ರದ ಭವಿಷ್ಯ ನಿಧಿ ಸಂಘಟನೆ 2015ರ ಆಗಸ್ಟ್‌ನಿಂದ ತನ್ನ ಹೊಸ ಹಣದ ಒಂದು ಭಾಗವನ್ನು ಸೂಚ್ಯಂಕ ನಿಧಿಗಳಲ್ಲೇ ತೊಡಗಿಸುತ್ತಿದೆ. ನಮ್ಮಲ್ಲಿ ಬಹಳ ಜನ ತಮಗೆ ಗೊತ್ತಿಲ್ಲದೆಯೇ ನಿಷ್ಕ್ರಿಯ ಹೂಡಿಕೆದಾರರು. ನಮ್ಮ ಮುಪ್ಪಿನ ಗಂಜಿಯ ಪ್ರಶ್ನೆ ಇದು.

ಮೊಬೈಲಿನ ಮಾತು ಬೇರೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ವಾಯಿದಾ ಮತ್ತು ಆಪ್ಷನ್ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ. 93 ಮಂದಿ ಕಳೆದುಕೊಂಡರು. ತಲಾ ನಷ್ಟ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಹಿಂದಿನ ಸಾಲಿನ ಹುಡುಗನ ಅಣ್ಣ ಯಾವ ವ್ಯವಹಾರದಲ್ಲಿದ್ದಾನೋ ನಾವು ಕೇಳಲಿಲ್ಲ. ಕೇಳಬೇಕಾಗಿತ್ತು.

ತರಗತಿಗೆ ಮೂರು ಚಟುವಟಿಕೆಗಳು

ಒಂದು. 100 ರೂಪಾಯಿ ಶೇ. 70 ಕುಸಿದು 30 ಆಯಿತು. ಮತ್ತೆ 100 ಆಗಲು ಶೇ. ಎಷ್ಟು ಏರಬೇಕು? ಮಕ್ಕಳು ಮೊದಲು 70 ಎನ್ನುತ್ತಾರೆ. ಲೆಕ್ಕ ಮಾಡಿದಾಗ 233ಕ್ಕೂ ಹೆಚ್ಚು ಬರುತ್ತದೆ. ಗ್ರಹಾಂ ನಷ್ಟದ ಬಗ್ಗೆ ಮೊದಲು ಯೋಚಿಸಿದ್ದು ಏಕೆಂದು ಆಗ ಕೇಳಿ. ಶೇಕಡಾವಾರಿನ ಆಧಾರ ಸಂಖ್ಯೆ ಬದಲಾಗುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ನನಗೆ ಸಿಕ್ಕಿಲ್ಲ.

ಎರಡು. 1 ಲಕ್ಷ ರೂಪಾಯಿಯನ್ನು 30 ವರ್ಷ ಶೇ. 10ರ ಚಕ್ರಬಡ್ಡಿಯಲ್ಲಿ ಬೆಳೆಸಿದರೆ ಸುಮಾರು 17.45 ಲಕ್ಷ. ಪ್ರತಿ ವರ್ಷ ಶುಲ್ಕಕ್ಕೆಂದು ಒಂದೂವರೆ ಕಳೆದು ಶೇ. 8.5ರಲ್ಲಿ ಬೆಳೆಸಿದರೆ ಸುಮಾರು 11.56 ಲಕ್ಷ. ದರಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು, ಪೇಟೆ ಯಾರಿಗೂ ಇಂಥ ಮಾತು ಕೊಡುವುದಿಲ್ಲ ಎಂದು ಮಕ್ಕಳಿಗೆ ಹೇಳಿಯೇ ಮುಂದುವರಿಯಿರಿ. ಒಂದೂವರೆ ಎಂಬ ಸಣ್ಣ ಅಂಕಿ ಏನು ಮಾಡುತ್ತದೆ ಎಂಬುದು ಅವರಿಗೇ ಕಾಣುತ್ತದೆ.

ಮೂರು. ಮಕ್ಕಳು ಹತ್ತು ದಿನ ತಮ್ಮ ತಾಲ್ಲೂಕಿನ ಕೃಷಿ ಮಾರುಕಟ್ಟೆಯ ತೊಗರಿ ಅಥವಾ ಹತ್ತಿಯ ದರ ಬರೆದುಕೊಂಡು ಬರಲಿ. ಸರಾಸರಿ ತೆಗೆಯಲಿ, ನಕ್ಷೆ ಬರೆಯಲಿ. ಮನೆಯಲ್ಲಿರುವ ಚೀಲದ ಮಾಲು ಆ ಹತ್ತು ದಿನಗಳಲ್ಲಿ ಬದಲಾಯಿತೇ ಎಂದು ಕೊನೆಗೆ ಕೇಳಿ.

ನಾವು ವರ್ಷಗಳಿಂದ ಅದೇ ಪಾಠ ಯೋಜನೆಯನ್ನು ನಕಲು ಮಾಡಿ ಹೊಸಬರ ಕೈಗೆ ಕೊಡುತ್ತಿದ್ದೇವೆ. ಅದು ಒಂದು ಕಾಲಕ್ಕೆ ಫಲ ಕೊಟ್ಟದ್ದು ನಿಜ. ಈಗಲೂ ಕೊಡುತ್ತಿದೆಯೇ ಎಂದು ಗ್ರಹಾಂ ಅವರಂತೆ ದಾಖಲೆಗೆ ಹಚ್ಚಿ ನೋಡುವ ಕೆಲಸ ಬಾಕಿ ಇದೆ. ಆ ಪ್ರಶಿಕ್ಷಣಾರ್ಥಿ ತಮ್ಮ ಅಭ್ಯಾಸ ಬೋಧನೆಯ ಕೊನೆಯ ದಿನ ಮೊದಲನೆಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಿದರು. ಹುಡುಗ ಅದನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು, ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ದ.